ಕಿವಿಯಿಂದ ಬಂದ ಒಲವು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಕೇಳಿದರು. ಅವರ ಹದಿನಾರು ವರ್ಷದ ಮಗಳು ಮೊಬೈಲಿನಲ್ಲಿ ಸದಾ ಒಂದೇ ಬಗೆಯ ಕಥೆಗಳನ್ನು ಓದುತ್ತಾಳಂತೆ. ಸಾಧಾರಣ ಮನೆಯ ಒಬ್ಬ ಹುಡುಗಿ, ಜಗತ್ಪ್ರಸಿದ್ಧನಾದ ಒಬ್ಬ ಗಾಯಕ, ಆಕಸ್ಮಿಕವಾದ ಒಂದು ಭೇಟಿ, ಅನಂತರ ಪ್ರೇಮ. “ಮೇಷ್ಟ್ರೇ, ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇತ್ತೇ?” ಎಂದು ಅವರು ಕೇಳಿದಾಗ “ಇತ್ತು, ಆದರೆ ಬೇರೆ ರೀತಿಯಲ್ಲಿ” ಎಂದಷ್ಟೇ ಹೇಳಿದೆ. ದೂರವಾಣಿಯಲ್ಲಿ ಪಾಠ ಮಾಡುವ ಅಭ್ಯಾಸ ನನಗಿಲ್ಲ. ಆ ಬೇರೆ ರೀತಿ ಯಾವುದೆಂಬುದನ್ನು ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪಶ್ಚಿಮದಲ್ಲಿ ಈ ಬಗೆಯ ಕಥೆ ಈಗ ಒಂದು ದೊಡ್ಡ ಉದ್ಯಮವೇ ಆಗಿದೆ. 2013ರಲ್ಲಿ ಆನಾ ಟಾಡ್ ಎಂಬ ಅಮೆರಿಕದ ತರುಣಿ ವಾಟ್‌ಪ್ಯಾಡ್ ಎಂಬ ಜಾಲತಾಣದಲ್ಲಿ ಬರೆಯತೊಡಗಿದ ‘ಆಫ್ಟರ್’ ಎಂಬ ಕಥೆಯ ನಾಯಕನಿಗೆ ‘ಒನ್ ಡೈರೆಕ್ಷನ್’ ಎಂಬ ಗಾಯಕವೃಂದದ ಹ್ಯಾರಿ ಸ್ಟೈಲ್ಸ್ ಮಾದರಿಯಾಗಿದ್ದನು. ಮರುವರ್ಷ ಅದು ಪುಸ್ತಕವಾಯಿತು, 2019ರಲ್ಲಿ ಚಲನಚಿತ್ರವೂ ಆಯಿತು. ಇದನ್ನು ಈ ಕಾಲದ ಹುಚ್ಚು ಎಂದು ತಳ್ಳಿಹಾಕುವವರು 1840ರ ದಶಕದ ಬರ್ಲಿನ್ ನಗರವನ್ನು ನೆನೆಯಬೇಕು. ಪಿಯಾನೋ ವಾದಕ ಫ್ರಾನ್ಸ್ ಲಿಸ್ಟ್‌ನ ಕರವಸ್ತ್ರ, ಕೈಗವಸುಗಳಿಗಾಗಿ ಅಲ್ಲಿನ ಸ್ತ್ರೀಯರು ಪರಸ್ಪರ ಎಳೆದಾಡುತ್ತಿದ್ದರು. ಜರ್ಮನ್ ಕವಿ ಹೈನೆ ಆ ಉನ್ಮಾದಕ್ಕೆ 1844ರಲ್ಲಿ ಒಂದು ಹೆಸರನ್ನೇ ಇಟ್ಟನು.

ನಮ್ಮಲ್ಲಿ ಈ ಒಲವು ಮೊದಲಿನಿಂದಲೂ ಕಣ್ಣಿಗಿಂತ ಕಿವಿಯನ್ನೇ ನಂಬಿಕೊಂಡು ಬಂದದ್ದು. ಜನ್ನನ ‘ಯಶೋಧರ ಚರಿತೆ’ಯನ್ನು ನೆನಪಿಸಿಕೊಳ್ಳಿ. 1209ರ ಕೃತಿ ಅದು. ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿಬಂದ ಒಂದು ಹಾಡಿಗೆ ಮನಸೋತಳು. ಹಾಡಿದವನು ಆನೆಯ ಮಾವಟಿಗ, ಕುರೂಪಿ ಎಂದು ತಿಳಿದ ಮೇಲೂ ಅವಳ ಮನಸ್ಸು ಹಿಂದಕ್ಕೆ ಬರಲಿಲ್ಲ. ಇಲ್ಲಿ ಹಾಡುವವನು ಅನಾಮಿಕ, ಕೇಳುವವಳು ರಾಣಿ. ನಮ್ಮ ವಿಷಯಕ್ಕೆ ಇದು ತಲೆಕೆಳಗಾದ ಚಿತ್ರ. ಜೈನ ಕವಿಯಾದ ಜನ್ನ ಅವಳನ್ನು ಕ್ಷಮಿಸಲಿಲ್ಲ. ಆದರೂ ಕೊರಳೊಂದು ಗೋಡೆಯನ್ನು ದಾಟಿ ಬಂದು ಒಬ್ಬಳ ಬಾಳನ್ನೇ ಬದಲಿಸಬಲ್ಲದು ಎಂಬ ಸಂಗತಿಯನ್ನು ಅವನಷ್ಟು ಗಾಢವಾಗಿ ಕಂಡವರು ಕಡಿಮೆ. ತರಗತಿಯಲ್ಲಿ ಈ ಕಥೆ ಹೇಳುವಾಗ ಮಾವಟಿಗನ ರೂಪವರ್ಣನೆ ಬಂದಾಗಲೆಲ್ಲ ಹುಡುಗರು ಗೊಳ್ಳೆಂದು ನಗುತ್ತಿದ್ದರು. ಹುಡುಗಿಯರು ನಗುತ್ತಿರಲಿಲ್ಲ.

ಮೈಸೂರಿಗೆ ಬರೋಣ. ಅರಮನೆಯ ಆಶ್ರಯದಲ್ಲಿ ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ವಾಸುದೇವಾಚಾರ್ಯರು ಮೊದಲಾದ ದೊಡ್ಡ ವಿದ್ವಾಂಸರಿದ್ದ ಊರು ಇದು. ಆದರೆ ಗೃಹಸ್ಥರ ಮನೆಯ ಹೆಣ್ಣುಮಗಳು ಸಭೆಯಲ್ಲಿ ಹಾಡುವುದು ಆಗ ಕಲ್ಪನೆಗೂ ನಿಲುಕದ ಮಾತು. ಹಾಡು, ಕುಣಿತಗಳು ದೇವದಾಸಿ ಮನೆತನಗಳ ವೃತ್ತಿಯೆಂಬ ಭಾವನೆ ಬೇರೂರಿತ್ತು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಸೇವೆ ನಿಂತರೂ ಹಾಡುವ ಹೆಣ್ಣಿನ ಮೇಲಿದ್ದ ಅನುಮಾನ ನಿಲ್ಲಲಿಲ್ಲ. ಹಾಗಾಗಿ ಸಾಮಾನ್ಯ ಮನೆಯ ಹುಡುಗಿಗೆ ದೊಡ್ಡ ಗಾಯಕನ ಕೊರಳು ಕೇಳಿಸುತ್ತಿದ್ದುದೇ ಅಪರೂಪ. ರಾಮನವಮಿಯ ಕಛೇರಿಗಳಲ್ಲಿ ಒಂದು ಪಕ್ಕಕ್ಕೆ ಹಾಸಿದ ಜಮಖಾನದ ಮೇಲೆ ಅಜ್ಜಿ, ಅತ್ತೆಯರ ನಡುವೆ ಕುಳಿತು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಹುಡುಗನಾಗಿದ್ದ 1970ರ ದಶಕದಲ್ಲಿಯೂ ಆ ಪ್ರತ್ಯೇಕ ಜಮಖಾನ ಇದ್ದೇ ಇತ್ತು.

ಈ ಸ್ಥಿತಿಯನ್ನು ಕದಲಿಸಿದ್ದು ಬಾನುಲಿ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ ಎಂಬ ಮನೆಯಿಂದಲೇ 30 ವಾಟ್ ಶಕ್ತಿಯ ಯಂತ್ರದ ಮೂಲಕ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿ ಕೇಂದ್ರಕ್ಕೆ ಬಂದದ್ದು ಇಲ್ಲಿಂದಲೇ. ನಾವು ಇದನ್ನು ವಿಜ್ಞಾನದ ಚರಿತ್ರೆಯಲ್ಲಿ ಓದುತ್ತೇವೆ. ಮನೆಯೊಳಗಿನ ಚರಿತ್ರೆಯಲ್ಲಿಯೂ ಇದಕ್ಕೊಂದು ಪುಟ ಸಲ್ಲಬೇಕು. ಅಪರಿಚಿತ ಗಂಡಸಿನ ಕೊರಳು ಹಜಾರವನ್ನು ದಾಟಿ ಅಡುಗೆಮನೆಯವರೆಗೂ ಬಂದಿತು. ಆ ಕೊರಳಿಗೆ ಯಾವ ಹಿರಿಯರೂ ‘ಒಳಗೆ ಬರಬೇಡ’ ಎಂದು ಹೇಳುವಂತಿರಲಿಲ್ಲ. ಮುಖ ಕಾಣದ ಕೊರಳಿಗೆ ಮುಖವನ್ನು ಕಲ್ಪಿಸಿಕೊಳ್ಳುವ ಕೆಲಸ ಹದಿನೈದು ಹದಿನಾರರ ವಯಸ್ಸಿಗೆ ಬಹಳ ಪ್ರಿಯವಾದದ್ದು. ನನ್ನ ತರಗತಿಯಲ್ಲಿಯೇ ಒಬ್ಬ ಹುಡುಗಿಯ ಕಂಪಾಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ವಾರಪತ್ರಿಕೆಯಿಂದ ಕತ್ತರಿಸಿದ ಗಾಯಕರೊಬ್ಬರ ಚಿತ್ರವಿತ್ತು. ಕೈವಾರ ತೆಗೆಯುವಾಗ ನನಗೆ ಕಾಣಿಸಿತು. ಕಾಣಿಸಲಿಲ್ಲವೆಂಬಂತೆ ಮುಂದಿನ ಬೆಂಚಿಗೆ ಹೋದೆ.

ಹೀಗೆ ಮೂಡಿದ ಒಲವು ಆ ಕೊರಳನ್ನು ಹುಡುಕಿಕೊಂಡು ಹೊರಟರೆ ಹೋಗಿ ನಿಲ್ಲುತ್ತಿದ್ದುದು ಎಲ್ಲಿ? ಹಸ್ತಾಕ್ಷರಕ್ಕಾಗಿ ರಂಗದ ಹಿಂಬದಿಯ ಬಾಗಿಲಿನಲ್ಲಿ ಅಲ್ಲ. ಪಾಠ ಕೇಳಲು ಗುರುವಿನ ಮನೆಯ ಬಾಗಿಲಿನಲ್ಲಿ. ನಮ್ಮ ಕಥೆಗೂ ಪಶ್ಚಿಮದ ಕಥೆಗೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನಾನು ತಿಳಿದಿದ್ದೇನೆ. ನಮ್ಮ ಹುಡುಗಿ ಗಾಯಕನನ್ನು ಬಯಸುವ ಮೊದಲು ಅವನ ವಿದ್ಯೆಯನ್ನು ಬಯಸಿದಳು. ಅವಳಿಗೆ ಗೌರವ ದೊರೆತದ್ದೂ ಅಪಾಯ ಬಂದದ್ದೂ ಆ ಒಂದೇ ಬಾಗಿಲಿನಿಂದ.

ಇದಕ್ಕೆ ಕನ್ನಡ ನೆಲದ ಅತ್ಯುತ್ತಮ ನಿದರ್ಶನ ಕುಮಾರ ಗಂಧರ್ವರದು. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರಿಗೆ ಆ ಬಿರುದು ಬಾಲ್ಯದಲ್ಲಿಯೇ ಬಂದಿತು. ಹತ್ತು ಹನ್ನೆರಡರ ವಯಸ್ಸಿಗೆ ದೇಶದ ದೊಡ್ಡ ಸಭೆಗಳಲ್ಲಿ ಹಾಡಿ ವಿಸ್ಮಯ ಹುಟ್ಟಿಸಿದ ಹುಡುಗ. ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಶಾಲೆಯಲ್ಲಿ ಕಲಿತು, ಇಪ್ಪತ್ತರ ಹೊತ್ತಿಗೆ ಅಲ್ಲಿಯೇ ಪಾಠ ಹೇಳುವವರಾದರು. ಆಗ ಅವರ ಬಳಿ ಕಲಿತವರಲ್ಲಿ ಕರಾಚಿಯಿಂದ ಬಂದ ಭಾನುಮತಿ ಕಂಸ್ ಒಬ್ಬರು. 1947ರಲ್ಲಿ ಇಬ್ಬರಿಗೂ ಮದುವೆಯಾಯಿತು. ಅದೇ ಕಾಲದಲ್ಲಿ ಕುಮಾರರಿಗೆ ಕ್ಷಯರೋಗ ತಗುಲಿತು. ಒಣ ಹವೆಗಾಗಿ 1948ರಲ್ಲಿ ಮಧ್ಯಭಾರತದ ದೇವಾಸ್ ಊರಿಗೆ ಹೋಗಬೇಕಾಯಿತು, ಹಾಡಲೇಬಾರದೆಂದು ವೈದ್ಯರ ಕಟ್ಟಪ್ಪಣೆಯಾಯಿತು. ಐದಾರು ವರ್ಷಗಳ ಕಾಲ ಭಾನುಮತಿಯವರು ಗಂಡನ ಶುಶ್ರೂಷೆ ಮಾಡಿದರು, ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ದುಡಿದು ಮನೆಯನ್ನು ನಡೆಸಿದರು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿಯಿಂದ ಕುಮಾರರು ಎದ್ದರು. ಕುಂದಿದ ಶ್ವಾಸಕೋಶದಿಂದಲೇ ಒಂದು ಹೊಸ ಗಾಯನಕ್ರಮವನ್ನು ಕಟ್ಟಿದರು, ದೇಶವೆಲ್ಲ ತಲೆದೂಗಿತು. ಭಾನುಮತಿಯವರು 1961ರಲ್ಲಿ ಎರಡನೆಯ ಮಗನ ಹೆರಿಗೆಯಲ್ಲಿ ತೀರಿಕೊಂಡರು. ನಾನೂ ಶಾಲೆಯ ಸಂಬಳದಲ್ಲಿ ಸಂಸಾರ ನಡೆಸಿದವನಾದ್ದರಿಂದ ಹೇಳುತ್ತೇನೆ: ತಿಂಗಳ ಕೊನೆಯ ವಾರದಲ್ಲಿ ಆ ಹೆಂಗಸು ಮಾಡುತ್ತಿದ್ದ ಲೆಕ್ಕಾಚಾರವನ್ನು ಯಾವ ಸಂಗೀತ ವಿಮರ್ಶಕನೂ ಬರೆಯುವುದಿಲ್ಲ.

ಇದೇ ಕಥೆಯಲ್ಲಿ ಇನ್ನೊಬ್ಬ ಹುಡುಗಿಯಿದ್ದಾಳೆ. 1931ರಲ್ಲಿ ಜಮ್‌ಶೆಡ್‌ಪುರದಲ್ಲಿ ಹುಟ್ಟಿದ ವಸುಂಧರಾ ಶ್ರೀಖಂಡೆ. ಹನ್ನೆರಡರ ಆಸುಪಾಸಿನಲ್ಲಿ ಕಲ್ಕತ್ತೆಯ ಒಂದು ಸಂಗೀತ ಸಮ್ಮೇಳನದಲ್ಲಿ ಕುಮಾರರ ಹಾಡು ಕೇಳಿ, ಇವರ ಬಳಿಯೇ ಕಲಿಯಬೇಕೆಂದು ಹಟ ಹಿಡಿದಳು. ಅವರೋ ‘ಮುಂಬಯಿಗೆ ಬಾ’ ಎಂದರು. ಯುದ್ಧದ ದಿನಗಳು, ಅವಳು ಮುಂಬಯಿ ಸೇರಿದ್ದು 1946ರಲ್ಲಿ. ಅಲ್ಲಿ ಮೊದಲು ದೇವಧರರ ಬಳಿ ಕಲಿತಳು. ಭಾನುಮತಿಯವರು ತೀರಿಕೊಂಡ ಮರುವರ್ಷ, 1962ರಲ್ಲಿ, ಕುಮಾರರನ್ನು ಮದುವೆಯಾದಾಗ ಅವರು ಮೂವತ್ತು ದಾಟಿದ್ದರು, ಸ್ವತಃ ಗಾಯಕಿಯಾಗಿದ್ದರು. ಬಹುಕಾಲ ಗಂಡನ ಹಿಂದೆ ಕುಳಿತು ತಂಬೂರಿಯೊಡನೆ ದನಿಗೂಡಿಸಿದರು. 1992ರಲ್ಲಿ ಕುಮಾರರು ತೀರಿಕೊಂಡ ಮೇಲೂ ಹಾಡಿದರು, ಕಲಿಸಿದರು. 2006ರಲ್ಲಿ ಪದ್ಮಶ್ರೀ ಬಂದಿತು. 2015ರಲ್ಲಿ ದೇವಾಸಿನಲ್ಲಿಯೇ ಕಣ್ಣುಮುಚ್ಚಿದರು. ಹನ್ನೆರಡರ ಹುಡುಗಿಯ ಬೆರಗಿಗೂ ಮದುವೆಗೂ ನಡುವೆ ಸುಮಾರು ಇಪ್ಪತ್ತು ವರ್ಷಗಳ ಸಾಧನೆಯಿತ್ತು ಎಂಬುದನ್ನು ಕಥೆ ಓದುವ ಮಕ್ಕಳು ಗಮನಿಸಬೇಕು.

ಎಲ್ಲ ಮನೆಗಳ ಕಥೆಯೂ ಹೀಗೆ ಸಾಗಲಿಲ್ಲ. ಗದಗಿನ ಭೀಮಸೇನ ಜೋಶಿಯವರು ಆಗಲೇ ಗೃಹಸ್ಥರಾಗಿದ್ದರು. ‘ಭಾಗ್ಯಶ್ರೀ’ ಎಂಬ ಕನ್ನಡ ನಾಟಕದಲ್ಲಿ ತಮ್ಮೊಡನೆ ಅಭಿನಯಿಸಿದ ವತ್ಸಲಾ ಮುಧೋಳಕರರನ್ನು 1951ರಲ್ಲಿ ಮದುವೆಯಾದರು. ಮೊದಲ ಮದುವೆಯ ಮಗ ರಾಘವೇಂದ್ರ ಅವರು ಮರಾಠಿಯಲ್ಲಿ ತಂದೆಯ ಕುರಿತು ಒಂದು ನೆನಪಿನ ಪುಸ್ತಕ ಬರೆದಿದ್ದಾರೆ. ಭೀಮಸೇನರ ಸಂಗೀತದ ಮೇಲೆ ನನಗಿರುವ ಭಕ್ತಿಗೆ ಮಿತಿಯಿಲ್ಲ. ಆದರೂ ಗಾಯಕನ ಪ್ರೇಮಕಥೆಯನ್ನು ಹೇಳುವವರು ಹಿಂದೆ ಉಳಿದ ಮನೆಯ ದೀಪವನ್ನೂ ನೋಡಬೇಕಲ್ಲವೆ?

ಇನ್ನು ಕನ್ನಡ ಕಾದಂಬರಿಗಳು. ಅನಕೃ ಅವರ ‘ಸಂಧ್ಯಾರಾಗ’ ಒಂದು ತಲೆಮಾರಿಗೆ ಸಂಗೀತಗಾರನನ್ನೇ ನಾಯಕನನ್ನಾಗಿ ಮಾಡಿಕೊಟ್ಟಿತು. 1966ರಲ್ಲಿ ರಾಜ್‌ಕುಮಾರ್ ಅಭಿನಯದಲ್ಲಿ ಅದು ತೆರೆಗೂ ಬಂದಿತು. ತರಾಸು ಅವರ ‘ಹಂಸಗೀತೆ’ 1952ರದು. ಜಿ. ವಿ. ಅಯ್ಯರ್ ಅದನ್ನು 1975ರಲ್ಲಿ ಚಿತ್ರವಾಗಿಸಿದಾಗ ಹಾಡಿದ ಬಾಲಮುರಳೀಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್ ಅವರನ್ನು ಕಂಡ ಮೇಲೆ ನಮ್ಮ ಬೀದಿಯ ಅರ್ಧದಷ್ಟು ಹುಡುಗಿಯರು ಸಂಗೀತ ಪಾಠಕ್ಕೆ ಸೇರಿದರೆಂದು ನನ್ನ ಅಕ್ಕ ಹೇಳುತ್ತಿದ್ದಳು. ಅಕ್ಕನ ಅಂಕಿಅಂಶಗಳನ್ನು ನಾನು ಪೂರ್ತಿ ನಂಬಿದವನಲ್ಲ. ಈ ಕೃತಿಗಳಲ್ಲಿ ಕಲಾವಿದನೇ ಕೇಂದ್ರ. ಅವನನ್ನು ಪ್ರೀತಿಸುವ ಹೆಣ್ಣು ಅವನ ಸಾಧನೆಗೆ ಒಂದು ಮೆಟ್ಟಿಲು ಅಥವಾ ಒಂದು ಪರೀಕ್ಷೆ.

ಆ ಹೆಣ್ಣಿನ ಕಡೆಯ ಲೆಕ್ಕವನ್ನು ತೆರೆದಿಟ್ಟದ್ದು ಎಸ್. ಎಲ್. ಭೈರಪ್ಪನವರ ‘ಮಂದ್ರ’. ತರಾಸು ಅವರಂತೆ ಭೈರಪ್ಪನವರೂ ಮೈಸೂರಿನಲ್ಲಿ ಬಾಳಿದವರು. ಕುವೆಂಪುನಗರದ ಅವರ ಮನೆಯ ಮುಂದೆ ನಿಮ್ಮಲ್ಲಿ ಅನೇಕರು ಸೈಕಲ್ಲಿನಲ್ಲಿ ಹಾದುಹೋಗಿದ್ದೀರಿ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಮತ್ತೊಮ್ಮೆ ‘ಮಂದ್ರ’ ಓದಬೇಕೆಂದು ಹುಡುಕಿದರೆ ಪ್ರತಿ ಇರಲಿಲ್ಲ. ಒಯ್ದವರು ದಯವಿಟ್ಟು ಹಿಂದಿರುಗಿಸಿ. ಆ ಕಾದಂಬರಿಯ ಮೋಹನಲಾಲ ಬಡತನದಿಂದ ಮೇಲೆದ್ದ ಮಹಾನ್ ಗಾಯಕ. ಅವನ ಸಂಗೀತ ಶುದ್ಧ, ಬದುಕು ಅಶುದ್ಧ. ಶಿಷ್ಯೆಯಾಗಿ ಬರುವ ಮಧುಮಿತಾಳ ಪಾಲಿಗೆ ವಿದ್ಯೆ ಮತ್ತು ದೇಹ ಒಂದೇ ತಕ್ಕಡಿಗೆ ಬೀಳುತ್ತವೆ. ಹಾಡಿನ ಸೌಂದರ್ಯ ಹಾಡುವವನ ಅಪರಾಧವನ್ನು ತೊಳೆಯಬಲ್ಲದೆ? ‘ಸತ್ಯ ಮತ್ತು ಸೌಂದರ್ಯ’ದ ಬಗ್ಗೆಯೇ ಡಾಕ್ಟರೇಟ್ ಪ್ರಬಂಧ ಬರೆದಿದ್ದ ಭೈರಪ್ಪನವರಿಗೆ ಇದು ಹಳೆಯ ಪ್ರಶ್ನೆ. 2010ರ ಸರಸ್ವತಿ ಸಮ್ಮಾನ್ ಈ ಕೃತಿಗೆ ಸಂದಿತು. ಪುಸ್ತಕ ಬಂದ ಹೊಸತರಲ್ಲಿ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಗಂಡಸರು ‘ಅತಿಯಾಯಿತು’ ಎಂದರು. ಸಂಗೀತ ಕಲಿತಿದ್ದ ಸಹೋದ್ಯೋಗಿನಿಯೊಬ್ಬರು ಮಾತ್ರ ಕಾಫಿಯ ಲೋಟವನ್ನು ಕೆಳಗಿಟ್ಟು, “ಅತಿ ಏನೂ ಆಗಿಲ್ಲ” ಎಂದು ಹೇಳಿ ತರಗತಿಗೆ ಹೊರಟುಹೋದರು.

ಅವರ ಮಾತಿನ ತೂಕ ಎಷ್ಟೆಂಬುದು 2018ರಲ್ಲಿ ಬಹಿರಂಗವಾಗಿ ತಿಳಿಯಿತು. ಆ ವರ್ಷ ಅನೇಕ ತರುಣಿಯರು ಸಂಗೀತ ಕ್ಷೇತ್ರದಲ್ಲಿ ತಮಗಾದ ಕಿರುಕುಳವನ್ನು ಬಾಯಿಬಿಟ್ಟು ಹೇಳಿದರು. ಮದರಾಸಿನ ಮ್ಯೂಸಿಕ್ ಅಕಾಡೆಮಿ ತನ್ನ ಡಿಸೆಂಬರ್ ಕಛೇರಿಗಳಿಂದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. ಗುರುವಿನ ಮನೆಯ ಬಾಗಿಲು ಒಳಗಿನಿಂದ ಅಗುಳಿ ಹಾಕಿದರೆ ಹೊರಗಿನವರಿಗೆ ಕೇಳಿಸುವುದು ಹಾಡು ಮಾತ್ರ.

ಕೊನೆಗೆ ಗಂಗೂಬಾಯಿ ಹಾನಗಲ್ ಅವರ ವಿಷಯ ಹೇಳಿ ನಿಲ್ಲಿಸುತ್ತೇನೆ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಅವರದು ಹಾಡುವ ಹೆಂಗಸರ ಮನೆತನ. ಹದಿನಾರರ ವಯಸ್ಸಿನಲ್ಲಿ ವಕೀಲ ಗುರುರಾವ್ ಕೌಲಗಿಯವರ ಬಾಳಸಂಗಾತಿಯಾದರು. ಇಲ್ಲಿ ಮುಂದೆ ಪ್ರಸಿದ್ಧಿ ಪಡೆದವಳು ಹುಡುಗಿ, ಕೊನೆಯವರೆಗೂ ಸಾಧಾರಣ ಗೃಹಸ್ಥನಾಗಿ ಉಳಿದವನು ಗಂಡಸು. ಸಮಾಜದ ಕೊಂಕುಮಾತು ಮಾತ್ರ ಇಬ್ಬರಲ್ಲಿ ಆಕೆಯ ಪಾಲಿಗೇ ಹೆಚ್ಚಾಗಿ ಬಂದಿತು. ಹಾಡಿ ಗಳಿಸಿದ್ದರಲ್ಲಿ ಸಂಸಾರವನ್ನು ನಡೆಸಿದರು, 2009ರಲ್ಲಿ ತೀರಿಕೊಂಡರು. ಇಂದು ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಅವರ ಹೆಸರಿನಲ್ಲಿ ನಮ್ಮ ಮೈಸೂರಿನಲ್ಲಿಯೇ ಇದೆ. ಅಲ್ಲಿಗೆ ಹುಡುಗಿಯರು ಅರ್ಜಿ ತುಂಬಿ, ಶುಲ್ಕ ಕಟ್ಟಿ, ರಸೀದಿ ಪಡೆದು ಸೇರುತ್ತಾರೆ. ಪಾಠಕ್ಕೆ ವೇಳಾಪಟ್ಟಿಯಿದೆ, ಹಾಜರಿ ಪುಸ್ತಕವಿದೆ. ಹಾಜರಿ ಪುಸ್ತಕವನ್ನು ಹಾಸ್ಯಮಾಡುವ ಕಲಾರಸಿಕರು ಅನೇಕರಿದ್ದಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ಬರೆದ ನನಗೆ ಅದರ ಮೇಲೆ ಬಹಳ ಗೌರವವಿದೆ.