ಓಣಿಯ ಹುಡುಗರ ಪರವಾಗಿ ಸಹಿ

ನಮ್ಮ ಕುರ್ಡಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೆ ಕೂಲಿ ಎಷ್ಟು, ಮುಂಗಡ ಎಷ್ಟು ಎಂಬುದೆಲ್ಲ ಮೇಸ್ತ್ರಿಯ ಬಾಯಿಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗಕ್ಕೆ ಮುಟ್ಟದ ವರ್ಷ ಮಾನ್ವಿ ಸೀಮೆಯಲ್ಲಿ ಗುಳೆಯ ಮಾತೇ ಮಾತು. ಹಿರಿಯರ ಬೆನ್ನಿಗೆ ಹೋದ ಮಕ್ಕಳ ಶಾಲೆ ತಪ್ಪುತ್ತದೆ. ಮನೆಯಲ್ಲಿ ಸಿಟ್ಟಾಗಿ ಒಬ್ಬನೇ ರೈಲು ಹತ್ತಿದ ಹುಡುಗನ ಪಾಡು ಬೇರೆ: ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಮೊದಲು ಮಾತಾಡಿಸುವವರು ಯಾರೋ, ಅವರೇ ದಿಕ್ಕು.

ಆ ಮೊದಲ ಮಾತನ್ನು ತಾವೇ ಆಡಬೇಕೆಂದು 1980ರಲ್ಲಿ ರಸ್ತೆಗಿಳಿದದ್ದು ಬೆಂಗಳೂರು ಓಣಿಯವರ ಸೇವಾ ಕೂಟ. ಜನರ ಬಾಯಲ್ಲಿ ‘ಬಾಸ್ಕೊ’. ಡಾನ್ ಬಾಸ್ಕೊ ಪರಂಪರೆಯ ಕ್ರೈಸ್ತ ಪಾದ್ರಿಗಳಾದ ಸಲೇಷಿಯನ್ನರು ಕಟ್ಟಿದ ಈ ಸಂಸ್ಥೆ ಚಿಂದಿ ಆಯುವ, ಹೋಟೆಲಿನಲ್ಲಿ ಲೋಟ ತೊಳೆಯುವ ಮಕ್ಕಳಿದ್ದಲ್ಲಿಗೇ ಹೋಗಿ ಗುರುತು ಮಾಡಿಕೊಂಡಿತು. ತಂಗಲು ಜಾಗ, ಅಕ್ಷರ, ಕಸುಬು ಆಮೇಲೆ ಬಂದವು.

ಇದರ ಬೇರು ಇಟಲಿಯ ಟ್ಯೂರಿನ್ನಿನಲ್ಲಿದೆ. ಹಳ್ಳಿಗಳಿಂದ ದುಡಿಯಲು ಬಂದ ಗಾರೆ ಹುಡುಗರನ್ನು 1841ರಿಂದ ಒಟ್ಟುಗೂಡಿಸತೊಡಗಿದ ಜಾನ್ ಬಾಸ್ಕೊ (ಡಾನ್ ಬಾಸ್ಕೊ) ಎಂಬ ಪಾದ್ರಿ ಆಟ-ಪಾಠಕ್ಕೆ ನಿಲ್ಲದೆ ಕಸುಬು ಕಲಿಸುವ ಮಾಲೀಕರಿಂದ ಕರಾರು ಬರೆಸಿದರು. ಅವರ ದೊಡ್ಡ ಕೆಲಸ ಇದೇ ಎಂದು ನನ್ನ ಎಣಿಕೆ. 1852ರ ಫೆಬ್ರವರಿಯಲ್ಲಿ ಒಬ್ಬ ಬಡಗಿಯೊಂದಿಗೆ ಆದ ಕರಾರು ಪತ್ರ ಇವತ್ತಿಗೂ ಉಳಿದಿದೆ. ಹುಡುಗ ತಪ್ಪು ಮಾಡಿದರೆ ಬಾಯಲ್ಲಿ ಹೇಳಿ ತಿದ್ದಬೇಕು, ಕೈ ಎತ್ತುವಂತಿಲ್ಲ. ಕಸುಬಿಗೆ ಸಂಬಂಧವಿಲ್ಲದ ಕೆಲಸ ಹಚ್ಚುವಂತಿಲ್ಲ. ಭಾನುವಾರ, ಹಬ್ಬ ಬಿಡುವು. ವರ್ಷಕ್ಕೆ ಮತ್ತೆ 15 ದಿನ ರಜೆ. ಕಲಿತಂತೆಲ್ಲ ದಿನಗೂಲಿ ಏರಬೇಕು. ಕೆಳಗೆ ಬಾಸ್ಕೊ ಅವರ ಸಹಿಯೂ ಇದೆ. ಮರುವರ್ಷ ಚಪ್ಪಲಿ ಹೊಲಿಯುವ, ಬಟ್ಟೆ ಹೊಲಿಯುವ ಕಾರ್ಯಾಗಾರಗಳನ್ನು ತಮ್ಮಲ್ಲೇ ತೆರೆದರು. ಮುಂದೆ ಮುದ್ರಣವೂ ಸೇರಿತು. ಅವರ ಪರಂಪರೆಯ ಸಲೇಷಿಯನ್ನರು 1906ರಲ್ಲಿ ಭಾರತದ ತಂಜಾವೂರಿಗೆ ಬಂದಿಳಿದರು.

ನಮ್ಮಲ್ಲಿಯೂ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 14 ತುಂಬಿದವರು ಸೇರಬಹುದು, ಕರಾರು ನೋಂದಣಿಯಾಗಬೇಕು, ಭತ್ಯೆ ಕೊಡಬೇಕು. ಹುಡುಗ ಅಪ್ರಾಪ್ತನಾದರೆ ಪಾಲಕರೇ ಕರಾರಿಗೆ ಒಪ್ಪಬೇಕು. ಪಾಲಕರೇ ಇಲ್ಲದವನು, ಇದ್ದೂ ಅವರಿಂದ ತಪ್ಪಿಸಿಕೊಂಡವನು ಏನು ಮಾಡಬೇಕು? ಬೀದಿ ಹುಡುಗನ ಬುದ್ಧಿಗೆ, ಕೈಚಳಕಕ್ಕೆ ಎಂದೂ ಕೊರತೆಯಿರಲಿಲ್ಲ. ಅವನ ಪರವಾಗಿ ನಿಲ್ಲುವವರು ಬೇಕಿತ್ತು; ಬೆಂಗಳೂರಿನಲ್ಲಿ ಬಾಸ್ಕೊ ಆ ಜಾಗ ತುಂಬಿತು.

ಡಾನ್ ಬಾಸ್ಕೊದವರು ಈಗ ನಮ್ಮ ದೇವದುರ್ಗದಲ್ಲೂ ಇದ್ದಾರೆ. ಗುಳೆ ಹೋಗುವ ಊರಿನಲ್ಲೇ ಸಂಸ್ಥೆ ನೆಲೆಯೂರಿದ್ದು ನನಗೆ ಹೆಚ್ಚು ಸರಿ ಅನಿಸುತ್ತದೆ. ಮಾನ್ವಿ ರಸ್ತೆಯ ಗ್ಯಾರೇಜುಗಳಲ್ಲಿ ಮಾತ್ರ ‘ಕೆಲಸ ಕಲೀಲಿ ಬಿಡ್ರಿ’ ಎಂಬ ಒಂದೇ ಮಾತಿನ ಮೇಲೆ ಹುಡುಗರು ಇನ್ನೂ ಪಾನಾ ಹಿಡಿಯುತ್ತಾರೆ.