ಹಿತ್ತಲ ಕೋಳಿಯ ಲೆಕ್ಕ

ಕನ್ನಡದಲ್ಲಿ ‘ಹಿತ್ತಲ ಗಿಡ ಮದ್ದಲ್ಲ’ ಎನ್ನುತ್ತಾರೆ. ಉರ್ದುವಿನಲ್ಲಿ ‘ಘರ್ ಕೀ ಮುರ್ಗೀ ದಾಲ್ ಬರಾಬರ್’, ಅಂದರೆ ಮನೆಯ ಕೋಳಿ ಬೇಳೆಗೆ ಸಮ. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನನಗೆ ಈ ಗಾದೆಗಳು ಒಂದೇ ಹಿತ್ತಲಲ್ಲಿ ಹುಟ್ಟಿದಂತೆ ಕಾಣುತ್ತವೆ.

ಆ ಕೋಳಿ ಬಂದ ದಾರಿ ಮಾತ್ರ ಸಣ್ಣದಲ್ಲ. ಮನುಷ್ಯ ಕಾಡಿನಿಂದ ಹಿಡಿದು ತಂದು ಪಳಗಿಸಿದ ಎಂದು ನಾವು ಓದಿದ್ದೆವು. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆ ಕತೆ ಹೇಳುತ್ತದೆ. ಅದರ ಪ್ರಕಾರ, ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಸುಮಾರು 3,500 ವರ್ಷ ಹಿಂದಿನ ಮೂಳೆಗಳೇ ಸಾಕುಕೋಳಿಯ ಅತಿ ಹಳೆಯ ಗುರುತು. ಜನ ಭತ್ತ, ಕಿರುಧಾನ್ಯ ಬೆಳೆಯತೊಡಗಿದಾಗ ಚೆಲ್ಲಿದ ಕಾಳು ಹುಡುಕಿಕೊಂಡು ಕೆಂಪು ಕಾಡುಕೋಳಿ ತಾನಾಗಿಯೇ ಊರಿಗೆ ಬಂದಿರಬೇಕು. ಇದರಲ್ಲಿ ನಮ್ಮ ಕಡೆಯ ಪಾಲೂ ಇದೆ. ಸಾಕುಕೋಳಿಯ ಹಳದಿ ಕಾಲಿನ ಗುಣ ಬಂದದ್ದು ಕೆಂಪು ಕಾಡುಕೋಳಿಯಿಂದಲ್ಲ, ಪಶ್ಚಿಮ ಘಟ್ಟದಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಂಶವಾಹಿ ತಜ್ಞರು ತೋರಿಸಿದರು.

ಶಿಕಾರಿಪುರದ ನನ್ನ ನಾನಿಗೆ ಇದೊಂದೂ ಗೊತ್ತಿರಲಿಲ್ಲ. ಹಸಿ ಹಿಕ್ಕೆಯನ್ನು ಬುಡಕ್ಕೆ ಹಾಕಿದರೆ ಮೆಣಸಿನ ಸಸಿ ಸುಟ್ಟುಹೋಗುತ್ತದೆ ಎಂಬುದು ಗೊತ್ತಿತ್ತು. ಅದನ್ನು ಒಣಗಿದ ಎಲೆ, ಸಗಣಿಯೊಂದಿಗೆ ಗುಂಡಿಗೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಪುದೀನ, ಬದನೆ, ಚಪ್ಪರದ ಅವರೆ ಎಲ್ಲಕ್ಕೂ ಅದೇ ಗೊಬ್ಬರ. ಸಸಿ ಎಳೆಯದಿರುವಾಗ ಮುಳ್ಳುಬೇಲಿ ಹಾಕಿ ಕೋಳಿಗಳನ್ನು ಆಚೆ ಇಡುತ್ತಿದ್ದರು, ಬಲಿತ ಮೇಲೆ ಹುಳ ಹೆಕ್ಕಲು ಬಿಡುತ್ತಿದ್ದರು.

ಸಾವಯವ ಕೃಷಿಯ ಹಿರಿಯರಲ್ಲಿ ಒಬ್ಬನೆನಿಸಿದ ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದ. ಕಸಕಡ್ಡಿ, ಸಗಣಿ, ಗಂಜಲ ಹೀರಿದ ಮಣ್ಣು ಇವನ್ನು ಪದರ ಪದರವಾಗಿ ಹಾಕಿ, ಮಗುಚಿ ಕೊಳೆಸುವ ‘ಇಂದೋರ್ ವಿಧಾನ’ ಅಲ್ಲಿಯದೇ. 1931ರಲ್ಲಿ ಅದು ಪುಸ್ತಕವಾಯಿತು. ಇಲ್ಲಿನ ರೈತರಿಂದ ಕಲಿತೆನೆಂದು ಆತ ಒಪ್ಪಿಕೊಂಡಿದ್ದಾನೆ, ದೊಡ್ಡ ಮನಸ್ಸು. ರೈತರು ಎಂದಾಗ ತಿಪ್ಪೆಗೆ ಬುಟ್ಟಿ ಹೊತ್ತ ಹೆಂಗಸರೂ ಅವನ ಕಣ್ಣಮುಂದಿದ್ದರೋ ಏನೋ.

ಮೊಟ್ಟೆ ಮಾರಿದ ದುಡ್ಡು ನಾನಿಯ ಪಾನ್‌ದಾನಿನಲ್ಲಿರುತ್ತಿತ್ತು. ನಾನಾ ಅದನ್ನು ಮುಟ್ಟುತ್ತಿರಲಿಲ್ಲ. ನಮ್ಮ ಸ್ಲೇಟು ಬಳಪ ಅದರಿಂದಲೇ ಬಂದವು. ಪಕ್ಕದ ಮನೆಯ ಅಕ್ಕನಿಗೆ ಅವರು ಹೇಂಟೆಯನ್ನು ಪಾಲಿಗೆ ಕೊಡುತ್ತಿದ್ದರು. ಆಕೆ ಸಾಕಬೇಕು, ಮರಿಯಾದರೆ ಅರ್ಧರ್ಧ. ಹದ್ದು ಒಯ್ದದ್ದೆಷ್ಟು, ಬೆಕ್ಕು ತಿಂದದ್ದೆಷ್ಟು ಎಲ್ಲ ಬಾಯಿಲೆಕ್ಕ.

ಈ ಪಾಲು ನಡೆಯಬೇಕಾದರೆ ಹೇಂಟೆ 21 ದಿನ ಕಾವಿಗೆ ಕೂರಬೇಕು. ಫಾರಂ ಕೋಳಿ ವರ್ಷಕ್ಕೆ 300ರ ಸುಮಾರು ಮೊಟ್ಟೆಯಿಡುತ್ತದೆ. ಅಷ್ಟು ಇಡಿಸಲೆಂದೇ ಕಾವು ಕೂರುವ ಗುಣವನ್ನು ತಳಿಯಿಂದ ತೆಗೆದಿದ್ದಾರೆ, ಮರಿ ಬೇಕಾದಾಗಲೆಲ್ಲ ಕಂಪನಿಗೇ ಹೋಗಬೇಕು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ರೂಪಿಸಿದ ‘ಗಿರಿರಾಜ’ನ ಮೊಟ್ಟೆಯನ್ನೂ ನಮ್ಮ ಹೆಂಗಸರು ನಾಟಿ ಹೇಂಟೆಯ ಕೆಳಗೇ ಇಟ್ಟರು.

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಂಡಿತು. ದೇಶದಲ್ಲಿ ಅದೇ ಮೊದಲು. ರೋಗ ಕಂಡ ಸುತ್ತಳತೆಯೊಳಗೆ ಫಾರಂಗಳ ಜೊತೆ ಹಿತ್ತಲ ಕೋಳಿಗಳನ್ನೂ ಕೊಂದರು. ಕೊಲ್ಲದೆ ಉಪಾಯವಿರಲಿಲ್ಲ, ಒಪ್ಪೋಣ. ಪರಿಹಾರವನ್ನು ತಲೆಯೆಣಿಸಿ ಕೊಟ್ಟರು. ಅರ್ಧ ಮರಿ ಪಕ್ಕದ ಮನೆಗೆ ಸೇರಬೇಕಾದ ಹೇಂಟೆಗೆ ಆ ಪಟ್ಟಿಯಲ್ಲಿ ಯಾವ ಕಾಲಂ?

ನಾನಿ ತೀರಿಕೊಂಡ ನಲವತ್ತನೆಯ ದಿನದ ಮಾರನೆ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಕಾಲು ಕಟ್ಟಿದ ಎರಡು ಹ್ಯಾಟೆಗಳು.

“ನಿಮ್ಮ ನಾನಿ ಪಾಲು ಕಣಪ್ಪಾ. ಹೋದ ಸಲದ ಲೆಕ್ಕ ಹಾಗೇ ಉಳಿದಿತ್ತು,” ಎಂದರು.