ಹಲಗಲಿಯ ಹಾಡು

ಕೃಷ್ಣಾ ತೀರದ ಗಲಗಲಿಯ ಸೀಮೆಯಲ್ಲಿ ಗೀಗೀ ಮೇಳ ಕೂಡಿತೆಂದರೆ ಬೆಳಗಾಗುವವರೆಗೆ ಜನ ಏಳುವುದಿಲ್ಲ. ಮುಂದೆ ದಪ್ಪು ಹಿಡಿದ ಮುಖ್ಯ ಹಾಡುಗಾರ, ಹಿಂದೆ ತುಂತುಣಿ, ತಾಳದ ಹಿಮ್ಮೇಳ. ಒಂದು ಪಕ್ಷ ಹರದೇಶಿ, ಇನ್ನೊಂದು ನಾಗೇಶಿ. ಒಬ್ಬರ ಸವಾಲಿಗೆ ಮತ್ತೊಬ್ಬರು ಅಲ್ಲಿಯೇ ಹಾಡಿ ಉತ್ತರಿಸಬೇಕು.

ಇಂಥ ಮೇಳಗಳ ಬಾಯಲ್ಲಿ ಬೆಳೆದದ್ದು ಹಲಗಲಿ ಬೇಡರ ಲಾವಣಿ. ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು 1857ರಲ್ಲಿ ಬ್ರಿಟಿಷರು ಕಾಯ್ದೆ ತಂದರು. ಆಯುಧವನ್ನೇ ನಂಬಿ ಬದುಕಿದ್ದ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಸರ್ಕಾರದ ಕಡತಕ್ಕೆ ಅವರು ದಂಗೆಕೋರರು. ಹಾಡಿನಲ್ಲಿ ಜಡಗ, ಬಾಲ ಎಂಬ ಹೆಸರುಳ್ಳ ವೀರರು.

ಈ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದವರು ಯಾರು ಬಲ್ಲಿರಾ? ಅದೇ ಸರ್ಕಾರದ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್! ಅವರ ಉಪಕಾರ ದೊಡ್ಡದು. ಆದರೆ ಕಾಗದಕ್ಕೆ ಇಳಿದದ್ದು ಮಾತು ಮಾತ್ರ. ಹಿಮ್ಮೇಳದವರು ‘ಗೀ’ ಎಂದು ಎಳೆಯುವಾಗ ಹಾಡುಗಾರನಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಿಗೆ ಬರುತ್ತದೆ. ಪುಸ್ತಕವಿಲ್ಲದೆ ಇತಿಹಾಸ ಉಳಿದ ಯಂತ್ರವೇ ಅದು. (ತುಂತುಣಿಯ ಒಂಟಿ ತಂತಿಯ ಬಿಗಿತ ಹೆಚ್ಚಿಸಿದರೆ ಸ್ವರ ಏರುವುದನ್ನೂ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ.)

ಮುಂದಿನ ಜಾತ್ರೆಯಲ್ಲಿ ಯಾವುದಾದರೂ ಮೇಳ ಹಲಗಲಿಯನ್ನು ಹಾಡಿದರೆ ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಕೇಳಿ. ನುಡಿ ಬದಲಾದ ಕಡೆ ಗುರುತು ಹಾಕಿಕೊಳ್ಳಿ. ಏಕೆ ಬದಲಾಯಿತೆಂದು ಬೆಳಗ್ಗೆ ಹಾಡುಗಾರರನ್ನೇ ಕೇಳಿ.